ಕೈ ಕೊಳ್ಳದ್ದನ್ನು ಕಣ್ಣು ಕೊಂಡಾಗ

ಸೀರೆ ಅಂಗಡಿಯ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯುವ ಮಾತು ಯಾವ ಪೇಟೆಯಲ್ಲಾದರೂ ಹೆಚ್ಚುಕಡಿಮೆ ಒಂದೇ: ‘ಬನ್ನಿ ಅಮ್ಮ, ಒಳಗೆ ಬನ್ನಿ. ತಗೊಳ್ಳಲೇಬೇಕು ಅಂತೇನಿಲ್ಲ, ನೋಡೋಕೆ ದುಡ್ಡು ಕೊಡಬೇಕಿಲ್ಲ.’ ರೇಷ್ಮೆ ಸೀರೆಗೆ ನಾಡಿನಲ್ಲೆಲ್ಲ ಹೆಸರಾದ ಮೊಳಕಾಲ್ಮುರಿನಲ್ಲಿ ಇಂತಹ ಕರೆಗೆ ಓಗೊಡದೆ ಮುಂದೆ ಸಾಗುವುದು ಸುಲಭವಲ್ಲ. ಮಡಿಕೆ ಬಿಚ್ಚಿ ಇಳಿಬಿಟ್ಟ ಸೆರಗು, ಅಂಚಿನ ಜರಿ, ಒಡಲಿನ ಮೇಲೆ ನೆಯ್ದ ಹೂವು, ಹಣ್ಣು, ಪ್ರಾಣಿಗಳ ಬುಟ್ಟಾಗಳು ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಕೊಳ್ಳುವ ಉದ್ದೇಶವಿಲ್ಲದವರೂ ಅರೆಗಳಿಗೆ ನಿಂತು ನೋಡುತ್ತಾರೆ. ನೋಡಿ ಸಂತೋಷಪಟ್ಟು ಹೊರಡುತ್ತಾರೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆ. ಇಲ್ಲಿನ ಪೇಟೆಯ ಗೆಲವು ಶೇಂಗಾ ಬೆಳೆಯ ಗೆಲವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಹದ ಮಳೆಯಾಗಿ ಕಾಯಿ ಕಟ್ಟಿದ ವರ್ಷ ಮದುವೆಯ ಜವಳಿ ಧಾರಾಳವಾಗಿ ನಡೆಯುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಅಂಗಡಿಯ ಮುಂದೆ ನೋಡುವವರೇ ಹೆಚ್ಚು, ಕೊಳ್ಳುವವರು ಕಡಿಮೆ. ಅಂತಹ ವರ್ಷದಲ್ಲಿ ಬಸ್ಸಿಗೆ ಕಾಯುವ ಅರ್ಧ ಗಂಟೆಯಲ್ಲಿ ಬಣ್ಣದ ಸೀರೆಗಳನ್ನು ನೋಡಿ ಮನಸ್ಸು ಹಗುರ ಮಾಡಿಕೊಳ್ಳುವ ಹೆಣ್ಣುಮಗಳನ್ನು ಯಾವ ಧರ್ಮವೂ ಗದರಿಸಬೇಕಾಗಿಲ್ಲ. ಆದರೆ ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ ಎಂಬ ಮಾತನ್ನು ಜೈನದರ್ಶನದ ಬೆಳಕಿನಲ್ಲಿ ಪರಿಶೀಲಿಸಿದರೆ ಒಂದು ಪ್ರಶ್ನೆ ಏಳುತ್ತದೆ. ಹಣ ಕೈಬಿಡಲಿಲ್ಲ, ವಸ್ತು ಮನೆಗೆ ಬರಲಿಲ್ಲ, ಸಾಲವಾಗಲಿಲ್ಲ. ಹಾಗಾದರೆ ಆತ್ಮದ ಲೆಕ್ಕದಲ್ಲಿಯೂ ಏನೂ ಜಮೆಯಾಗಲಿಲ್ಲವೇ?

ಹೊರಗಿನ ಹತ್ತು, ಒಳಗಿನ ಹದಿನಾಲ್ಕು

ಪರಿಗ್ರಹವೆಂದರೆ ಆಸ್ತಿ ಎಂಬುದು ಸಾಮಾನ್ಯ ತಿಳಿವಳಿಕೆ. ಆಚಾರ್ಯ ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಪರಿಗ್ರಹವನ್ನು ವಸ್ತುವಿನ ಮೂಲಕ ವಿವರಿಸದೆ, ವಸ್ತುವಿನ ಬಗೆಗಿನ ಮೂರ್ಛೆಯ ಮೂಲಕ ವಿವರಿಸುತ್ತಾರೆ. ಮೂರ್ಛೆ ಎಂದರೆ ‘ಇದು ನನ್ನದು’, ‘ಇದು ನನ್ನದಾಗಬೇಕು’ ಎಂಬ ಮಮಕಾರದಲ್ಲಿ ಅರಿವು ತಪ್ಪುವುದು. ಶಾಸ್ತ್ರಗಳು ಪರಿಗ್ರಹವನ್ನು ಬಾಹ್ಯ ಮತ್ತು ಅಭ್ಯಂತರ ಎಂದು ಎರಡಾಗಿ ವಿಂಗಡಿಸಿ, ಬಾಹ್ಯ ಪರಿಗ್ರಹ 10, ಅಭ್ಯಂತರ ಪರಿಗ್ರಹ 14 ಎಂದು ಎಣಿಸಿವೆ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಬಟ್ಟೆಬರೆ, ಪಾತ್ರೆಪದಾರ್ಥ ಮೊದಲಾದವು ಹೊರಗಿನವು. ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭ, ಹಾಸ್ಯ, ರತಿ, ಅರತಿ ಮೊದಲಾದವು ಒಳಗಿನವು.

ಅಂಗಡಿಯ ಮುಂದೆ ಸುಮ್ಮನೆ ನೋಡಿ ಬಂದವರ ಬಾಹ್ಯ ಪರಿಗ್ರಹ ಒಂದು ಎಳೆಯಷ್ಟೂ ಹೆಚ್ಚಿರುವುದಿಲ್ಲ. ಆದರೆ ಒಳಗಿನ ಹದಿನಾಲ್ಕರ ಪಟ್ಟಿಯಲ್ಲಿ ಏನೇನು ಕದಲಿತು ಎಂಬುದನ್ನು ಚೀಲ ತೆರೆದು ನೋಡಿ ತಿಳಿಯಲಾಗದು. ಸೀರೆ ಕಂಡಾಗ ರತಿ ಹುಟ್ಟಿತು. ಬೆಲೆ ಕೇಳಿದಾಗ ಅರತಿ ಹುಟ್ಟಿತು. ಪಕ್ಕದ ಮನೆಯವರು ಅದನ್ನೇ ಕೊಂಡರೆಂದು ತಿಳಿದಾಗ ಮಾನ ಕೆರಳಿತು. ‘ಹೇಗಾದರೂ ಮಾಡಿ’ ಎಂದುಕೊಂಡಾಗ ಲೋಭ ತಲೆಯೆತ್ತಿತು. ಹಣದ ಥೈಲಿ ಮುಚ್ಚಿಯೇ ಇತ್ತು, ವ್ಯಾಪಾರ ಮಾತ್ರ ನಡೆದುಹೋಯಿತು.

ಈ ಸೂಕ್ಷ್ಮವನ್ನು ಮನಗಾಣಿಸಲು ಜೈನ ಪರಂಪರೆಯಲ್ಲಿ ತಂಡುಲ ಮತ್ಸ್ಯದ ದೃಷ್ಟಾಂತವಿದೆ. ಶಾಲಿಸಿಕ್ಥ ಮತ್ಸ್ಯ ಎಂಬ ಹೆಸರೂ ಅದಕ್ಕುಂಟು. ಸ್ವಯಂಭೂರಮಣ ಸಮುದ್ರದಲ್ಲಿ ಒಂದು ಮಹಾಮತ್ಸ್ಯ. ಅದರ ಕಿವಿಯಲ್ಲಿ ಅಕ್ಕಿಯ ಕಾಳಿನಷ್ಟು ಪುಟ್ಟದಾದ ಮೀನೊಂದರ ವಾಸ. ಮಹಾಮತ್ಸ್ಯ ಬಾಯಿ ತೆರೆದು ನಿದ್ರಿಸುವಾಗ ಅಸಂಖ್ಯ ಜಲಚರಗಳು ಒಳಹೋಗುತ್ತವೆ, ಹೊರಬರುತ್ತವೆ. ಅದನ್ನು ಕಂಡು ಪುಟ್ಟ ಮೀನು ಹಲುಬುತ್ತದೆ: ಇಷ್ಟು ದೊಡ್ಡ ದೇಹ ನನಗಿದ್ದರೆ ಒಂದನ್ನೂ ಬಿಡದೆ ನುಂಗುತ್ತಿದ್ದೆನಲ್ಲ! ಅದು ಒಂದು ಜೀವಿಯನ್ನೂ ನುಂಗಲಿಲ್ಲ. ನುಂಗುವ ಶಕ್ತಿಯೂ ಅದಕ್ಕಿರಲಿಲ್ಲ. ಆದರೂ ಆ ಪರಿಣಾಮದ ತೀವ್ರತೆಯಿಂದ ಅದು ಏಳನೆಯ ನರಕಕ್ಕೆ ಇಳಿಯಿತು ಎನ್ನುತ್ತದೆ ಕಥೆ. ಸೀರೆ ನೋಡುವ ಆಸೆಗೂ ಆ ಮೀನಿನ ಹಿಂಸಾಭಾವಕ್ಕೂ ಅಂತರ ಅಪಾರ. ಆದರೆ ತತ್ತ್ವ ಒಂದೇ: ಕೈಗೂಡದ ಬಯಕೆ ಎಂಬ ಕಾರಣಕ್ಕೆ ಬಯಕೆಯು ಬಯಕೆಯಾಗದೆ ಇರುವುದಿಲ್ಲ. ಬಂಧಕ್ಕೆ ಕಾರಣ ಪರಿಣಾಮ. ವಸ್ತು ಕೇವಲ ನಿಮಿತ್ತ.

ಪೇಟೆಯಿಂದ ಮರಳಿದ ಮೇಲೆ ಈ ಪರಿಣಾಮ ಆರ್ತಧ್ಯಾನವಾಗಿ ಬೆಳೆಯಬಲ್ಲದು. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಇಷ್ಟವಿಯೋಗ ಒಂದು, ನಿದಾನ ಇನ್ನೊಂದು. ಬೇಕಾದದ್ದು ದೊರೆಯಲಿಲ್ಲವೆಂಬ ಕೊರಗು, ಮುಂದೆ ದೊರೆಯಲೇಬೇಕೆಂಬ ಹಂಬಲ. ಸಂಜೆ ಪೇಟೆಯಲ್ಲಿ ಕಂಡ ಕೆಂಪು ಅಂಚು ರಾತ್ರಿಯ ಊಟದ ಮಾತಾಗುತ್ತದೆ, ಮಾತು ಮುನಿಸಾಗುತ್ತದೆ, ಮುನಿಸು ಕೈಸಾಲವಾಗುತ್ತದೆ. ಬೆಳೆ ಕೈಸೇರದ ವರ್ಷ ಮಗಳ ಮದುವೆಗೆ ಜವಳಿ ತೆಗೆಯುವ ಮನೆಯಲ್ಲಿ ಇದು ಕೇವಲ ತತ್ತ್ವದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಎಣ್ಣೆಯ ಬಟ್ಟಲು

ಹಾಗೆಂದು ಕಣ್ಣು ಮುಚ್ಚಿಕೊಂಡು ನಡೆಯಬೇಕೇ? ಜೈನಧರ್ಮ ಹಾಗೆ ಹೇಳುವುದಿಲ್ಲ. ನೋಡುವುದು ಮತ್ತು ತಿಳಿಯುವುದು ಆತ್ಮದ ಸ್ವಭಾವ. ದರ್ಶನ ಮತ್ತು ಜ್ಞಾನ ಎಂಬ ಎರಡು ಉಪಯೋಗಗಳೇ ಜೀವದ ಲಕ್ಷಣ. ನೋಟವೇ ದೋಷವಾಗಿದ್ದರೆ ಲೋಕಾಲೋಕವನ್ನೆಲ್ಲ ಏಕಕಾಲದಲ್ಲಿ ಕಾಣುವ ಕೇವಲಿ ಭಗವಂತರಿಗೆ ಎಲ್ಲರಿಗಿಂತ ಹೆಚ್ಚು ಬಂಧವಾಗಬೇಕಿತ್ತು. ಅವರು ಸಮಸ್ತವನ್ನೂ ಕಾಣುತ್ತಾರೆ, ಯಾವುದನ್ನೂ ಬಯಸುವುದಿಲ್ಲ. ನೋಟದ ಬೆನ್ನಿಗೆ ಅಂಟಿಕೊಂಡು ಬರುವ ರಾಗದ್ವೇಷವೇ ದೋಷ. ಅಪರಿಗ್ರಹ ವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳೂ ಇದನ್ನೇ ಹೇಳುತ್ತವೆ: ಐದು ಇಂದ್ರಿಯಗಳಿಗೆ ಎದುರಾಗುವ ಮನೋಜ್ಞ, ಅಮನೋಜ್ಞ ವಿಷಯಗಳಲ್ಲಿ ರಾಗವನ್ನೂ ದ್ವೇಷವನ್ನೂ ಬಿಡುವುದು.

ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಭರತ ಚಕ್ರವರ್ತಿಯ ಕಥೆ ಇಲ್ಲಿ ನೆನಪಾಗುತ್ತದೆ. ಆದಿನಾಥ ತೀರ್ಥಂಕರರ ಹಿರಿಯ ಮಗನಾದ ಭರತನ ಕಥೆಯನ್ನು ಕನ್ನಡದಲ್ಲಿ ಪಂಪ 941ರಲ್ಲಿ ‘ಆದಿಪುರಾಣ’ವಾಗಿ, ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ‘ಭರತೇಶ ವೈಭವ’ವಾಗಿ ಹೇಳಿದ್ದಾರೆ. ಭೋಗದ ನಡುವೆಯೂ ಯೋಗಿಯಾಗಿದ್ದವನು ಎಂಬುದು ಭರತನ ಕೀರ್ತಿ. ನವನಿಧಿಗಳ ಒಡೆಯ ವಿರಾಗಿಯಾಗಿರಲು ಹೇಗೆ ಸಾಧ್ಯ ಎಂದು ಒಬ್ಬನಿಗೆ ಸಂದೇಹ ಬಂದಿತಂತೆ. ಭರತ ಅವನ ಕೈಗೆ ಅಂಚಿನವರೆಗೆ ಎಣ್ಣೆ ತುಂಬಿದ ಬಟ್ಟಲನ್ನು ಕೊಟ್ಟು, ನಗರವನ್ನೆಲ್ಲ ಸುತ್ತಿ ಬರಲು ಹೇಳಿದ. ಒಂದು ಹನಿ ಚೆಲ್ಲಿದರೂ ತಲೆ ಉಳಿಯದು ಎಂಬ ಎಚ್ಚರಿಕೆ. ಹಿಂದೆ ಕತ್ತಿ ಹಿರಿದ ಭಟರು. ಅಂದು ಬೀದಿಗಳನ್ನು ಸಿಂಗರಿಸಲಾಗಿತ್ತು. ಅಂಗಡಿಗಳ ಸಾಲು, ಹಾಡು, ಕುಣಿತ ಎಲ್ಲವೂ ಇದ್ದವು. ಸುತ್ತಿ ಬಂದವನನ್ನು ಭರತ ಕೇಳಿದ: ಏನೇನು ಕಂಡೆ? ಬಟ್ಟಲೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲ ಎಂದನವನು. ನಾನೂ ಅರಮನೆಯಲ್ಲಿ ಹಾಗೆಯೇ ಇದ್ದೇನೆ ಎಂಬುದು ಭರತನ ಉತ್ತರ.

ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಎಣ್ಣೆಯ ಊರು ಎಂದೇ ಹೆಸರಾದ ಚಳ್ಳಕೆರೆಯವರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಿಲ್ಲ. ತುಂಬಿದ ಪಾತ್ರೆಯನ್ನು ಎತ್ತಿ ಇಳಿಸುವಾಗ ಗಮನ ಎಲ್ಲಿರಬೇಕೆಂದು ಅಲ್ಲಿನ ಕೂಲಿಯಾಳಿಗೂ ಗೊತ್ತು. ಚೆಲ್ಲಿದ ಎಣ್ಣೆಯನ್ನು ಮತ್ತೆ ತುಂಬಲಾಗದೆಂಬುದೂ ಗೊತ್ತು. ಕಥೆಯಲ್ಲಿ ಎಣ್ಣೆ ಎಂದರೆ ಆತ್ಮಜಾಗೃತಿ, ಬಟ್ಟಲೆಂದರೆ ವ್ರತ. ಆದರೆ ಕಥೆಯೊಳಗೆ ಒಂದು ಮೆಟ್ಟಿಲು ಇನ್ನೂ ಉಳಿದಿದೆ. ಸಂದೇಹಿ ಬೀದಿಯನ್ನು ಕಾಣದೆ ಹೋದದ್ದು ಕತ್ತಿಯ ಭಯದಿಂದ. ಭರತನಿಗೆ ಅಂತಹ ಭಯವಿರಲಿಲ್ಲ. ಅವನು ವೈಭವವನ್ನು ಕಂಡೂ ಹನಿ ಚೆಲ್ಲದವನು. ಸಾಧಕನ ಆರಂಭ ಮೊದಲನೆಯದರಿಂದ, ಗುರಿ ಎರಡನೆಯದು. ಅಂಗಡಿಯ ಮುಂದೆ ತಲೆತಗ್ಗಿಸಿ ಓಡುವುದು ಆರಂಭ. ನಿಂತು ನೋಡಿ, ಜ್ಞಾತಾ-ದ್ರಷ್ಟಾ ಭಾವದಲ್ಲಿ ನಿರಾಳವಾಗಿ ಮುಂದೆ ನಡೆಯುವುದು ಗುರಿ.

ಅಂಗಡಿಯವರ ಪಾಲು

ಸುಮ್ಮನೆ ನೋಡುವ ಸುಖದಲ್ಲಿ ಮತ್ತೊಬ್ಬರ ಪಾಲೂ ಇದೆ. ಗಾಜಿನ ಹೊರಗೆ ನಿಂತು ನೋಡುವುದು ಬೇರೆ. ಒಳಗೆ ಕುಳಿತು, ಕೊಳ್ಳುವ ಮನಸ್ಸಿಲ್ಲದೆ, ಇಪ್ಪತ್ತು ಸೀರೆಗಳನ್ನು ಬಿಚ್ಚಿಸಿ ನೋಡುವುದು ಬೇರೆ. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಅನರ್ಥದಂಡದ ಐದು ವಿಧಗಳನ್ನು ಹೇಳುತ್ತದೆ. ಅವುಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ನೀರು, ಬೆಂಕಿಗಳನ್ನು ಬಳಸುವುದು, ಗಿಡಮರ ಕಡಿಯುವುದು ಮಾತ್ರವಲ್ಲ, ಪ್ರಯೋಜನವಿಲ್ಲದೆ ತಾನು ಅಲೆಯುವುದು, ಬೇರೆಯವರನ್ನು ಅಲೆಸುವುದು ಸಹ ಅದರಲ್ಲಿ ಸೇರುತ್ತದೆ. ಬೋಣಿಯೇ ಆಗದ ಬೆಳಗಿನಲ್ಲಿ, ಅಂಗಡಿಯ ಹುಡುಗ ಮೇಲಿನ ಕಪಾಟಿನಿಂದ ಗಂಟುಗಳನ್ನು ಇಳಿಸಿ, ಹಾಸಿ, ತೋರಿಸಿ, ಮತ್ತೆ ಅದೇ ಮಡಿಕೆಗೆ ಮಡಿಸಿಡುವ ಶ್ರಮ ಯಾರ ಸುಖಕ್ಕಾಗಿ? ಹೊರಡುವಾಗ ‘ಮನೇಲಿ ಕೇಳ್ಕೊಂಡು ನಾಳೆ ಬರ್ತೀವಿ’ ಎಂದರೆ, ಬರುವ ಉದ್ದೇಶವಿಲ್ಲದ ಆ ಮಾತು ಸತ್ಯಾಣುವ್ರತಕ್ಕೂ ಕಳಂಕ. ‘ಇವತ್ತು ನೋಡೋಕೆ ಮಾತ್ರ ಬಂದ್ವಿ ಅಣ್ಣ, ತಗೊಳ್ಳಲ್ಲ’ ಎಂದು ಮೊದಲೇ ಹೇಳಿದರೆ ಯಾರ ಮಾನವೂ ಹೋಗುವುದಿಲ್ಲ. ಬಿಡುವಿದ್ದರೆ ಅಂಗಡಿಯವರು ತೋರಿಸಿಯಾರು, ಇಲ್ಲದಿದ್ದರೆ ಇಲ್ಲ. ಆಯ್ಕೆ ಅವರದಾಗುತ್ತದೆ.

ಇತ್ತೀಚೆಗೆ ಇನ್ನೊಂದು ಚಾಳಿ ಬೆಳೆದಿದೆ. ಕೈಮಗ್ಗದ ಸೀರೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ಅದೇ ವಿನ್ಯಾಸದ ಅಗ್ಗದ ನಕಲನ್ನು ಹುಡುಕುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಒಂದು. ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದು ಅದರ ಅರ್ಥ. ದೋಷ ಮುಖ್ಯವಾಗಿ ಮಾರುವವನದು, ನಿಜ. ಆದರೆ ಕೃತ, ಕಾರಿತ, ಅನುಮೋದನೆ ಎಂದು ಮೂರು ಬಾಗಿಲುಗಳನ್ನು ಕಾಯುವ ಧರ್ಮದಲ್ಲಿ, ನಕಲಿಗೆ ಗಿರಾಕಿಯಾಗುವವನು ತಾನು ಹೊರಗಿನವನೆಂದು ಹೇಳಿಕೊಳ್ಳಲಾರ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದು ಆ ಊರಿನ ಕೈಗಳ ಹಕ್ಕನ್ನು ಕಾಯುವುದಕ್ಕಾಗಿಯೇ.

ನೋಟಕ್ಕೆ ನಾಲ್ಕು ಭಾವನೆಗಳು

ಬಯಕೆಯನ್ನು ಕಳೆದ ಮೇಲೆ ನೋಟದಲ್ಲಿ ಉಳಿಯುವುದೇನು? ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಜೈನಶಾಸ್ತ್ರ ಉಪದೇಶಿಸಿದೆ. ಇವುಗಳನ್ನು ಬಸದಿಯೊಳಗಷ್ಟೇ ಅಲ್ಲ, ಜವಳಿ ಬೀದಿಯಲ್ಲಿಯೂ ಅಭ್ಯಾಸ ಮಾಡಬಹುದು.

ಮೈತ್ರಿ ಎಲ್ಲ ಜೀವಿಗಳ ಮೇಲಿನದು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೂ ಪಕ್ಕದಲ್ಲಿ ನಿಂತು ಕೊಳ್ಳುತ್ತಿರುವವರೂ ಅದರೊಳಗೆ ಸೇರುತ್ತಾರೆ. ಇನ್ನೊಬ್ಬರ ಮಗಳ ಮದುವೆಯ ಸೀರೆಯನ್ನು ಕಂಡು ‘ಅವಳಿಗೆ ಒಪ್ಪುತ್ತದೆ’ ಎಂದು ಮನಸಾರೆ ಅನ್ನಿಸಿದರೆ ಹೊಟ್ಟೆಕಿಚ್ಚಿಗೆ ಅಲ್ಲಿ ಜಾಗವಿರುವುದಿಲ್ಲ.

ಪ್ರಮೋದವೆಂದರೆ ಗುಣದಲ್ಲಿ ಹಿರಿಯರಾದವರನ್ನು ಕಂಡು ಸಂತೋಷಿಸುವುದು. ಕೈಮಗ್ಗದ ಸೀರೆಯ ಹಿಂದೆ ಮಗ್ಗದ ಮುಂದೆ ದಿನಗಟ್ಟಲೆ ಕುಳಿತ ನೇಕಾರನ ತಾಳ್ಮೆಯಿದೆ. ಒಂದು ಬುಟ್ಟಾದ ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯುವ ಏಕಾಗ್ರತೆಯಿದೆ. ಸೀರೆಯ ಬದಲು ಆ ತಾಳ್ಮೆಯನ್ನು ಕಂಡು ಮೆಚ್ಚಿದರೆ ಮನಸ್ಸು ತುಂಬುತ್ತದೆ. ಒಬ್ಬರು ಕೊಂಡೊಯ್ದ ಸೀರೆ ಇನ್ನೊಬ್ಬರಿಗೆ ದೊರೆಯದು. ಒಬ್ಬರು ಪಟ್ಟ ಪ್ರಮೋದ ಇನ್ನೊಬ್ಬರ ಪ್ರಮೋದವನ್ನು ಕಡಿಮೆ ಮಾಡದು. ಮನೆಗೆ ತಂದರೂ ಭಾರವಾಗದ ಸಂಪತ್ತು ಇದೊಂದೇ.

ಕಾರುಣ್ಯದ ನೋಟ ಇನ್ನೂ ಆಳಕ್ಕೆ ಹೋಗುತ್ತದೆ. ರೇಷ್ಮೆಯ ಹುಳು ತನ್ನ ಬಾಯಿಂದ ಹೊರಟ ಎಳೆಯನ್ನೇ ತನ್ನ ಸುತ್ತ ಸುತ್ತಿಕೊಂಡು ಗೂಡಾಗುತ್ತದೆ. ಪತಂಗವಾಗಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಹೊರಬರುವ ಮೊದಲೇ ಬಿಸಿಹಬೆಯಲ್ಲೋ ಬಿಸಿಗಾಳಿಯಲ್ಲೋ ಅದರ ಪ್ರಾಣ ಹೋಗುತ್ತದೆ. ಬಳಿಕ ಗೂಡುಗಳನ್ನು ಬೇಯಿಸಿ ನೂಲು ಬಿಚ್ಚಾಣಿಕೆ ಮಾಡುತ್ತಾರೆ. ಒಂದು ಸೀರೆಗೆ ಇಂತಹ ಸಾವಿರಾರು ಗೂಡುಗಳು ಬೇಕು. ಅನೇಕ ಶ್ರಾವಕ ಶ್ರಾವಿಕೆಯರು ರೇಷ್ಮೆ ಉಡದಿರುವುದು ಈ ಕಾರಣದಿಂದ. ಪತಂಗ ಹೊರಬಂದ ಗೂಡಿನಿಂದಲೇ ನೂಲು ತೆಗೆದು ನೇಯುವ ‘ಅಹಿಂಸಾ ರೇಷ್ಮೆ’ಯನ್ನು ಹೈದರಾಬಾದಿನ ಕುಸುಮ ರಾಜಯ್ಯ ಅವರು ರೂಪಿಸಿದ್ದೂ ಈ ಅಳುಕಿಗೆ ಉತ್ತರವಾಗಿಯೇ. ಹೊಟ್ಟೆಪಾಡಿಗೆ ಮಗ್ಗ ನಂಬಿದ ನೇಕಾರನನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಕಾರುಣ್ಯದಲ್ಲಿ ಅವನಿಗೂ ಪಾಲಿದೆ. ಆದರೆ ಹೊಳಪನ್ನು ಕಾಣುವ ಕಣ್ಣು ಹೊಳಪಿನ ಬೆಲೆಯನ್ನೂ ಕಾಣಬೇಕು. ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ ಇರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ತಾಯಿತಂದೆಯರ ಸೇವೆ, ಜೀವಿಗಳ ಬಗ್ಗೆ ಆದರ, ಸತ್ಯವಚನ ಇವು ಅಲ್ಲಿ ಬಂಡೆಯ ಮೇಲೆ ಕೊರೆದ ಬುದ್ಧಿಮಾತುಗಳು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಮಾತು ಬೌದ್ಧ ದೊರೆಯದಾದರೂ, ಜೈನ ಶ್ರಾವಕನಿಗೂ ಅದು ಮನೆಯ ಮಾತೇ. ಪೇಟೆಗೆ ಹೊರಟವರಿಗೆ ಅದರಲ್ಲಿ ಎರಡು ನೇರವಾಗಿ ಸಲ್ಲುತ್ತವೆ: ಹುಳುವಿನ ಮೇಲೆ ಕನಿಕರ, ಅಂಗಡಿಯವರೊಡನೆ ನಿಜ.

ಕಡೆಯದು ಮಾಧ್ಯಸ್ಥ್ಯ. ‘ಕೊಳ್ಳೋಕಾಗದವರು ಯಾಕೆ ಬರ್ತಾರೋ’ ಎಂದು ಯಾರಾದರೂ ಕೊಂಕು ನುಡಿದಾಗ ಕೆರಳದಿರುವುದು ಅದರ ಒಂದು ಮುಖ. ಎಲ್ಲರಂತೆ ತನಗೂ ಬೇಕೆಂಬ ಒತ್ತಡಕ್ಕೂ, ಕೊಳ್ಳುವವರೆಲ್ಲ ಕೀಳೆಂಬ ಗರ್ವಕ್ಕೂ ನಡುವೆ ಸ್ಥಿರವಾಗಿ ನಿಲ್ಲುವುದು ಇನ್ನೊಂದು ಮುಖ.

ಮನೆಯಿಂದ ಹೊರಡುವ ಮುನ್ನ

ಭಾವನೆಗಳು ನಿಲ್ಲಬೇಕಾದರೆ ಅವಕ್ಕೆ ವ್ರತದ ಬೇಲಿ ಬೇಕು. ಗೃಹಸ್ಥನಿಗೆ ಹೇಳಿದ್ದು ಸರ್ವತ್ಯಾಗವಲ್ಲ, ಪರಿಮಾಣ. ಒಮ್ಮೆ ಬಳಸಿ ಮುಗಿಯುವ ಅನ್ನ, ಹೂವುಗಳು ಭೋಗ. ಮತ್ತೆ ಮತ್ತೆ ಬಳಸುವ ಬಟ್ಟೆ, ಒಡವೆಗಳು ಉಪಭೋಗ. ಎರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಅದು ಆಜೀವವಾದರೆ ಯಮ, ಕಾಲಮಿತಿಯುಳ್ಳದ್ದಾದರೆ ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತುವಿಗೂ ನಿಯಮ ಮಾಡಿಕೊಳ್ಳಲು ಶಾಸ್ತ್ರ ಅವಕಾಶ ಕೊಟ್ಟಿದೆ. ‘ದೀಪಾವಳಿಯವರೆಗೆ ಹೊಸ ಬಟ್ಟೆ ಇಲ್ಲ’ ಎಂದು ಸಂಕಲ್ಪಿಸಿದವರು ಜವಳಿ ಬೀದಿಯಲ್ಲಿ ನಡೆದರೆ, ‘ಕೊಳ್ಳಲೋ ಬೇಡವೋ’ ಎಂಬ ತೂಗುಯ್ಯಾಲೆ ಅವರಿಗಿರುವುದಿಲ್ಲ. ತೀರ್ಮಾನ ಮನೆಯಲ್ಲಿಯೇ ಆಗಿರುವುದರಿಂದ ನೋಟ ಹಗುರವಾಗುತ್ತದೆ. ವ್ರತ ಸಂತೋಷವನ್ನು ಕಸಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೇಲಿಯಿರುವ ಹೊಲದಲ್ಲಿಯೇ ರೈತನಿಗೆ ನೆಮ್ಮದಿಯ ನಿದ್ರೆ.

ದೇಶಾವಕಾಶಿಕ ವ್ರತವೂ ಇಲ್ಲಿ ಸಹಕಾರಿ. ಇಂತಿಷ್ಟು ಕಾಲ ಇಂತಹ ಮನೆ, ಬೀದಿ, ಊರುಗಳ ಆಚೆ ಹೋಗುವುದಿಲ್ಲ ಎಂದು ಎಲ್ಲೆ ಕಟ್ಟಿಕೊಳ್ಳುವ ವ್ರತವದು. ಇಂದು ಪೇಟೆ ಅಂಗೈಯೊಳಗಿನ ಮೊಬೈಲಿಗೇ ಬಂದಿದೆ. ಬೀದಿಯ ಅಂಗಡಿ ರಾತ್ರಿ ಬಾಗಿಲು ಹಾಕುತ್ತದೆ, ಮೊಬೈಲಿನ ಅಂಗಡಿ ಹಾಕುವುದಿಲ್ಲ. ಕೊಳ್ಳದೆ ಬುಟ್ಟಿಗೆ ಹಾಕಿಟ್ಟ ಸಾಮಾನುಗಳ ಪಟ್ಟಿ ಅಲ್ಲಿ ಬೆಳೆಯುತ್ತಲೇ ಇರುತ್ತದೆ. ಸೂರ್ಯಾಸ್ತದ ನಂತರ ಉಣ್ಣದ ನಿಯಮವಿರುವ ಮನೆಯಲ್ಲಿ, ಸೂರ್ಯಾಸ್ತದ ನಂತರ ಆ ಪೇಟೆಗೂ ಕಾಲಿಡದ ನಿಯಮವನ್ನು ಸೇರಿಸಿಕೊಂಡರೆ ಕಣ್ಣಿಗೂ ಒಂದು ಉಪವಾಸ ದೊರೆಯುತ್ತದೆ.

ಈ ಎಲ್ಲದರ ಫಲ ತಿಳಿಯುವುದು ಅಂಗಡಿಯಲ್ಲಲ್ಲ, ಸಂಜೆಯ ಸಾಮಾಯಿಕದಲ್ಲಿ. ಕಣ್ಣು ಮುಚ್ಚಿ ಕುಳಿತಾಗ ಹಗಲು ಕಂಡ ಸೀರೆಯ ಅಂಚು ಎದುರಿಗೆ ಬಂದು ನಿಂತರೆ, ಹಣ ಕೊಡದಿದ್ದರೂ ಅದನ್ನು ಕೊಂಡುತಂದಾಗಿದೆ ಎಂದೇ ಅರ್ಥ. ಆಗ ಕೊರಗಬೇಕಿಲ್ಲ. ಪ್ರತಿಕ್ರಮಣವಿರುವುದು ಅದಕ್ಕಾಗಿಯೇ, ಬಂದದ್ದನ್ನು ಬಂತೆಂದು ಒಪ್ಪಿಕೊಂಡು ಬೀಳ್ಕೊಟ್ಟರಾಯಿತು. ಸೀರೆಯ ಬದಲು ಅದನ್ನು ನೆಯ್ದ ಕೈಗಳು ನೆನಪಾಗಿ, ಗೂಡಿನೊಳಗೆ ಮುಗಿದ ಜೀವಗಳು ನೆನಪಾಗಿ ಮನಸ್ಸು ಮೃದುವಾದರೆ, ಅಂದಿನ ನೋಟ ಸಾರ್ಥಕವಾಯಿತು. ಏನೂ ನೆನಪಾಗದೆ ಮನಸ್ಸು ತನ್ನಲ್ಲಿ ತಾನು ನಿಂತರೆ, ಬಟ್ಟಲಿನ ಎಣ್ಣೆ ಒಂದು ಹನಿಯೂ ಚೆಲ್ಲಿಲ್ಲ.